ಲಾರಿಯ ಪಕ್ಕದ ಮಂಚ

ವಿಶಾಖಪಟ್ಟಣದಲ್ಲಿ ಮಗಳ ಮನೆಯಲ್ಲಿ ಹದಿನೈದು ದಿನ ಇದ್ದೆ. ಅಳಿಯ ನೌಕಾಪಡೆಯಲ್ಲಿದ್ದಾನೆ, ಆಗ ಹಡಗಿನ ಮೇಲೆ ಹೋಗಿದ್ದ. ಮಗಳು ಮಧುರವಾಡದ ಫ್ಲ್ಯಾಟಿನಿಂದ ನನ್ನನ್ನು ಕೈಹಿಡಿದು ಕಡಲ ದಂಡೆಗೆ ಕರೆದೊಯ್ದಳು, ಗುಡಿಗೆ ಕರೆದೊಯ್ದಳು, ರಸ್ತೆ ದಾಟಲು ಕೂಡ ಒಬ್ಬಳನ್ನೇ ಬಿಡಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳು ನಾನು. ನನ್ನ ಮಗಳು ನನ್ನನ್ನೇ ಒಂದನೇ ಕ್ಲಾಸಿಗೆ ಸೇರಿಸಿಬಿಟ್ಟಿದ್ದಳು. ಊರಿಗೆ ಮರಳುವ ದಿನ ಬೆಳಿಗ್ಗೆ ವಿಜಯವಾಡದಲ್ಲಿ ಇಳಿದು, ಸಂಜೆ ಇನ್ನೊಂದು ರೈಲು ಹಿಡಿಯಬೇಕಿತ್ತು. “ವೇಟಿಂಗ್ ರೂಮ್ ಬಿಟ್ಟು ಏಳಬೇಡಮ್ಮ” ಎಂದು ಹತ್ತು ಸಲ ಹೇಳಿ ಕಳಿಸಿದಳು. ಹೂಂ ಅಂದೆ. ಟಿಕೆಟ್ ಮಾಡಿಸಿದ ದಿನವೇ ಏಳುವುದೆಂದು ತೀರ್ಮಾನಿಸಿಯಾಗಿತ್ತು.

ವಿಜಯವಾಡ ಎಂಬುದು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದ ಹೆಸರು. ಇಪ್ಪತ್ತೈದು ವರ್ಷಗಳ ಹಿಂದೆ ನನ್ನ ಗಂಡ ಹೊಸ ಲಾರಿ ಕೊಂಡರು. ಆಗ ಲಾರಿ ಎಂದರೆ ಎಂಜಿನ್ನು, ಚಕ್ರ, ಉದ್ದದ ಕಬ್ಬಿಣದ ಚೌಕಟ್ಟು ಅಷ್ಟೇ. ಮೇಲಿನ ಬಾಡಿಯನ್ನು ಬೇರೆ ಕಟ್ಟಿಸಬೇಕು. ಅದಕ್ಕೆ ವಿಜಯವಾಡದ ಆಟೋನಗರ್ ಹೆಸರುವಾಸಿ. ಹನ್ನೆರಡು ದಿನದಲ್ಲಿ ಬರುತ್ತೇನೆಂದು ಹೋದವರು ನಲವತ್ತು ದಿನವಾದ ಮೇಲೆ ಬಂದರು. “ಲಾರಿಯವರಿಗೆ ಊರಿಗೊಂದು ಮನೆ ಕಣಮ್ಮ” ಎಂದು ಪಕ್ಕದ ಮನೆಯಾಕೆ ಅಷ್ಟರಲ್ಲಿ ನನ್ನ ಕಿವಿ ಊದಿಯಾಗಿತ್ತು. ಬಂದವರನ್ನು ಹೊಸ್ತಿಲ ಹೊರಗೇ ನಿಲ್ಲಿಸಿ, ಎಲ್ಲಿದ್ದಿರಿ ಎಂದು ಕೇಳಿದೆ.

“ಎಲ್ಲಿರ್ತೀನಿ? ಲಾರಿ ಪಕ್ಕ ಮಂಚ ಹಾಕ್ಕೊಂಡು ಕೂತಿದ್ದೆ. ಧಣಿ ಎದ್ದು ಹೋದ್ರೆ ಕೆಲಸಾನೂ ಎದ್ದು ಹೋಗುತ್ತೆ ಅಲ್ಲಿ.”

ನಲವತ್ತು ದಿನ ಒಬ್ಬ ಗಂಡಸು ಮಂಚದ ಮೇಲೆ ಸುಮ್ಮನೆ ಕೂರುತ್ತಾನೆಯೇ? ನಾನು ನಂಬಲಿಲ್ಲ. ಆರು ತಿಂಗಳು ಮಾತು ಬಿಟ್ಟೆ. ಮಾತು ಮತ್ತೆ ಶುರುವಾದರೂ ಅದು ಮೊದಲಿನ ಮಾತಾಗಿರಲಿಲ್ಲ. ಅವರ ಅಂಗಿ ಒಗೆಯುವ ಮೊದಲು ಜೇಬು ನೋಡುವುದು ರೂಢಿಯಾಯಿತು. ಮೂರು ವರ್ಷಗಳ ಹಿಂದೆ ಆಸ್ಪತ್ರೆಯಲ್ಲಿ, ಇನ್ನು ಹೆಚ್ಚು ದಿನವಿಲ್ಲವೆಂದು ಇಬ್ಬರಿಗೂ ಗೊತ್ತಿದ್ದಾಗ, “ಈಗಲಾದರೂ ನಿಜ ಹೇಳಿ” ಎಂದು ಕೇಳಿಬಿಟ್ಟೆ. ಅವರು ನನ್ನನ್ನೇ ಸ್ವಲ್ಪ ಹೊತ್ತು ನೋಡಿ ಗೋಡೆಯ ಕಡೆ ಹೊರಳಿದರು. ಸಾಯುವವರನ್ನು ಹಾಗೆ ಕೇಳಿದ ನನ್ನ ನಾಲಿಗೆಗೆ ಏನನ್ನಬೇಕೋ ನನಗೆ ತಿಳಿಯದು.

ಚೀಲವನ್ನು ಸ್ಟೇಷನ್ನಿನಲ್ಲಿ ಇಡಲು ಕೊಟ್ಟು ಹೊರಗೆ ಬಂದೆ. ಅರವತ್ತೆರಡನೆಯ ವಯಸ್ಸಿನಲ್ಲಿ, ಭಾಷೆ ಬಾರದ ಊರಿನಲ್ಲಿ, ಮೊದಲ ಸಲ ಒಬ್ಬಳೇ. ತೆಲುಗು ಅಕ್ಷರ ನಮ್ಮದರ ದಾಯಾದಿಯಾದ್ದರಿಂದ ಬಸ್ಸಿನ ಬೋರ್ಡನ್ನು ಕೂಡಿಸಿಕೊಂಡು ಓದಿ ಹತ್ತಿದೆ. ಬೆಂಜ್ ಸರ್ಕಲ್‌ನಲ್ಲಿ ಬಸ್ಸು ಕಾಲು ಗಂಟೆ ಅಲುಗಲಿಲ್ಲ. ಅಷ್ಟು ಹೊತ್ತೂ, ಇಳಿದು ಹಿಂದಕ್ಕೆ ಹೋಗಿಬಿಡಲೇ ಎಂದು ಯೋಚಿಸಿದೆ. ಅಲ್ಲಿ ಹೋಗಿ ಯಾರನ್ನು ಕೇಳಲಿ? ಏನೆಂದು ಕೇಳಲಿ? ಒಂದು ವೇಳೆ ನನ್ನ ಅನುಮಾನವೇ ನಿಜವೆಂದು ಗೊತ್ತಾದರೆ ಅದನ್ನು ಹೊತ್ತುಕೊಂಡು ಹೋಗುವುದಾದರೂ ಎಲ್ಲಿಗೆ?

ಆಟೋನಗರ್‌ನಲ್ಲಿ ಯಾರನ್ನೂ ಕೇಳುವ ಅಗತ್ಯವೇ ಬೀಳಲಿಲ್ಲ. ಬಸ್ಸಿಳಿದು ಎರಡು ತಿರುವು ನಡೆದೆ. ವೆಲ್ಡಿಂಗ್ ಕಿಡಿ, ಬಣ್ಣದ ವಾಸನೆ, ಸುತ್ತಿಗೆಯ ಸದ್ದು. ಬಯಲಿನಲ್ಲಿ ಅರ್ಧ ಕಟ್ಟಿದ ಲಾರಿಗಳು ಸಾಲಾಗಿ ನಿಂತಿದ್ದವು. ಒಂದೊಂದು ಲಾರಿಯ ಪಕ್ಕದಲ್ಲೂ ಒಂದೊಂದು ಹಗ್ಗದ ಮಂಚ. ಒಂದೊಂದು ಮಂಚದ ಮೇಲೂ ಒಬ್ಬ ಗಂಡಸು, ಲುಂಗಿ ಬನಿಯನ್ನಿನಲ್ಲಿ, ಸುಮ್ಮನೆ ಕೂತಿದ್ದ. ಒಬ್ಬ ಬೆನ್ನು ಕೆರೆದುಕೊಳ್ಳುತ್ತಿದ್ದ, ಇನ್ನೊಬ್ಬ ಬಾಯಿ ತೆರೆದು ನಿದ್ದೆ ಹೋಗಿದ್ದ.

ಹಲಗೆ ಹೆರೆಯುತ್ತಿದ್ದ ಮುದುಕ ಬಡಗಿಗೆ ಆ ಮಂಚಗಳನ್ನು ತೋರಿಸಿ, ಏನಿದು ಎಂದು ಕನ್ನಡದಲ್ಲೇ ಕೈಸನ್ನೆ ಸೇರಿಸಿ ಕೇಳಿದೆ. “ಓನರ್ ಕೂರ್ಚೋವಾಲಮ್ಮಾ, ಲೇಕಪೋತೇ ಪನಿ ಕಾದು” ಎಂದ. ಧಣಿ ಕೂತಿರಬೇಕು, ಇಲ್ಲದಿದ್ದರೆ ಕೆಲಸ ಆಗುವುದಿಲ್ಲ. ನನ್ನ ಗಂಡ ಹೊಸ್ತಿಲ ಹೊರಗೆ ನಿಂತು ಹೇಳಿದ ಮಾತನ್ನೇ ಆತ ಹೇಳಿದ್ದ.

“ಅಮ್ಮಾ, ನಮ್ ಕಡೆಯವ್ರಾ? ಬನ್ನಿ, ಕೂತ್ಕಳಿ.” ಹತ್ತಿರದ ಮಂಚದಿಂದ ಕನ್ನಡ ಕೇಳಿಸಿತು. ಹಿರಿಯೂರು ಕಡೆಯ ಲಾರಿ ಧಣಿ, ಮೂವತ್ತೈದರ ಆಸುಪಾಸಿನವನು. ಎದ್ದು ಜಾಗ ಕೊಟ್ಟು ನೀರು ಕೊಟ್ಟ. ನಾನು ಮಂಚದ ಮೇಲೆ ಕೂತೆ. ಬಂದು ಇಪ್ಪತ್ತೆಂಟು ದಿನವಾಯಿತೆಂದು ಅವನು ಹೇಳುತ್ತಿರುವಾಗಲೇ ಅವನ ಫೋನು ಬಡಿದುಕೊಂಡಿತು. ಆ ಕಡೆಯ ಹೆಣ್ಣಿನ ದನಿ ನನಗೂ ಕೇಳಿಸುವಷ್ಟು ಜೋರಾಗಿತ್ತು.

“ಒಂದ್ ಲಾರಿಗೆ ಇಪ್ಪತ್ತೆಂಟ್ ದಿನವಾ? ಯಾರ ಕಿವಿ ಮೇಲೆ ಹೂ ಇಡ್ತೀಯ?”

“ಇಲ್ಲ ಕಣೇ, ಇನ್ನೂ ಹಿಂದಿನ ಬಾಗ್ಲು ಕೂರ್ಸಿಲ್ಲ. ನಿನ್ನೆ ವಿಡಿಯೊ ಮಾಡಿ ತೋರ್ಸಿದ್ನಲ್ಲ...”

“ತೋರ್ಸಿದ್ದು ಐದು ನಿಮಿಷ. ಮಿಕ್ಕಿದ್ ದಿನವೆಲ್ಲ ಎಲ್ಲಿರ್ತೀಯ?”

ಅನುಮಾನಕ್ಕೆ ಯಾವ ಸಾಕ್ಷಿಯೂ ಸಾಲದು. ಅದು ನನಗಿಂತ ಚೆನ್ನಾಗಿ ಇನ್ನಾರಿಗೆ ಗೊತ್ತು? ನಾನು ಕೈ ಚಾಚಿ ಫೋನು ಇಸಿದುಕೊಂಡೆ. “ತಾಯಿ, ಅವನು ನಿಜ ಹೇಳ್ತಿದಾನೆ” ಎಂದೆ.

“ಯಾವಳೇ ನೀನು?”

ಅವನು ಹಣೆ ಚಚ್ಚಿಕೊಂಡ. “ಮುಗೀತು ನನ್ ಕತೆ” ಎಂದ. ಬೇರೆ ದಿನವಾಗಿದ್ದರೆ ನಾನೂ ನಗುತ್ತಿದ್ದೆ. ಅವಳ ಜಾಗದಲ್ಲಿ ನಾನಿದ್ದಿದ್ದರೆ ಇನ್ನೂ ಕೆಟ್ಟ ಮಾತು ಆಡುತ್ತಿದ್ದೆ.

“ನಿನ್ನ ಅಮ್ಮನ ವಯಸ್ಸಿನವಳು ಕಣಮ್ಮ. ನಮ್ಮ ಯಜಮಾನ್ರೂ ಹೀಗೇ ಇಲ್ಲಿ ಲಾರಿ ಪಕ್ಕ ಮಂಚ ಹಾಕ್ಕೊಂಡು ನಲವತ್ತು ದಿನ ಕೂತಿದ್ರು. ಹಾಗಂತ ಬಂದು ಹೇಳಿದ್ರು. ನಾನು ನಂಬಲಿಲ್ಲ. ಈಗ ಬಂದು ನೋಡ್ತಿದೀನಿ, ಸಾಲಾಗಿ ಮಂಚ ಹಾಕ್ಕೊಂಡು ಎಲ್ರೂ ಕೂತಿದಾರೆ. ನಿನ್ನ ಗಂಡನೂ ಕೂತಿದಾನೆ. ಗಡ್ಡ ಬೋಳಿಸಿಲ್ಲ, ಬನಿಯನ್ ಹರಿದಿದೆ.”

ಈ ಸಲ ಅವಳ ದನಿ ಇಳಿದಿತ್ತು.

“ಅವ್ರಿಗೆ ಹೇಳಿದ್ರಾ ಅಮ್ಮಾ, ನಂಬಿದೀನಿ ಅಂತ?”

“ಅವರಿಲ್ಲ, ಮಗಳೇ” ಎಂದೆ. ಅಳಬಾರದೆಂದು ಅಂದುಕೊಂಡಿದ್ದೆ, ಆಗಲಿಲ್ಲ. “ನೀನು ಹೇಳು. ತಗೋ, ಅವನಿಗೆ ಕೊಡ್ತೀನಿ.”