ಆಪಾ ಕೊಟ್ಟ ಪ್ರಶ್ನೆ, ಆಯಿ ನೋಡಿದ ರುಚಿ

ನಮಗೆ ದೀನಿನ, ಅಂದರೆ ಧರ್ಮದ, ಪಾಠ ಹೇಳುತ್ತಿದ್ದ ಶಿಕ್ಷಕಿ ಆಪಾನ ರೀತಿಯೇ ಅಬ್ಬಾಗೆ ಹಿಡಿಸುತ್ತಿರಲಿಲ್ಲ. ತೊಂಬತ್ತರ ದಶಕದ ಹುಕ್ಕೇರಿ. ಶಾಲೆ ಬಿಟ್ಟ ಮೇಲೆ ನಾವು ಹುಡುಗಿಯರು ಆಪಾನ ಮನೆಯ ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಪಾಠಕ್ಕೆ ಕೂಡುತ್ತಿದ್ದೆವು. ಬೇರೆ ಕಡೆ ಮೊದಲು ಬಾಯಿಪಾಠ. ಇಲ್ಲಿ ಮೊದಲು ಪ್ರಶ್ನೆ. ಒಂದು ಪೇಚು ಮುಂದಿಟ್ಟು, ಓದಿದ್ದನ್ನೆಲ್ಲ ತಂದು ನೀವೇ ಬಿಡಿಸಿರಿ ಎನ್ನುತ್ತಿದ್ದರು. ನಾನು ಅದೇ ಗುಂಗಿನಲ್ಲಿ ಮನೆಗೆ ಬಂದು ಎಲ್ಲದಕ್ಕೂ "ಯಾಕ?" ಎನ್ನುತ್ತಿದ್ದೆ. ಅಬ್ಬಾ ಒಂದು ದಿನ ರೇಗಿದರು.

"ದೀನ್ ಕಲಿಯಾಕ ಕಳಿಸಿದ್ರ ವಾದಾ ಕಲ್ತ ಬರ್ತಾಳ. ರಂಜಾನ್ ಮುಗೀಲಿ, ಗೋಕಾಕಕ್ಕ ನಮ್ಮಕ್ಕನ ಮನ್ಯಾಗ ಬಿಡ್ತೇನಿ. ಅಲ್ಲಿ ಬಾಯಿಪಾಠ ಮಾಡಸ್ತಾರ."

ಗೋಕಾಕದ ಕರದಂಟೆಂದರೆ ನನಗೆ ಪ್ರಾಣ. ಆದರೂ ಆಪಾನನ್ನು ಬಿಟ್ಟು ಹೋಗಬೇಕಲ್ಲ ಎಂದು ಅಳುವೇ ಬಂತು.

ಅದೇ ರಂಜಾನಿನಲ್ಲಿ ಆಪಾ ಕೇಳಿದರು: "ಮನ್ಯಾಗ ಅಡಿಗಿ ಮಾಡಿದ್ರ ಬಾಜೂದವರಿಗೂ ಪಾಲು ಐತಿ. ಬಾಜೂದವರು ಜೈನರು, ಹೊತ್ತು ಮುಳುಗಿದ ಮ್ಯಾಲ ಉಣ್ಣೂದಿಲ್ಲ. ನೀವು ಹೊತ್ತು ಮುಳುಗೂತನಕ ಬಾಯಿಗೆ ಏನೂ ಹಾಕೂದಿಲ್ಲ. ಏನ ಕೊಡ್ತೀರಿ, ಯಾವಾಗ ಕೊಡ್ತೀರಿ?"

ಪಡಸಾಲೆ ಸಂತೆಯಾಯಿತು. ಖಜೂರ ಕೊಡೋಣ ಎಂದಳೊಬ್ಬಳು. "ಖಜೂರ ನಿಮ್ಮ ಅಮ್ಮಿ ಕುದಿಸಿ ಮಾಡ್ಯಾಳೇನ?" ಎಂದು ಇನ್ನೊಬ್ಬಳು ಕಿಚಾಯಿಸಿದಳು. ಆಪಾ ನಕ್ಕರು. "ಉಣ್ಣವರನ್ನ ಯಾರರ ಕೇಳೀರೇನ?"

ಕೇಳಿರಲಿಲ್ಲ. ನಮ್ಮ ಬಾಜೂ ಮನೆಯಲ್ಲೇ ಜೈನರ ಅಜ್ಜಿಯಿದ್ದರು, ಓಣಿಗೆಲ್ಲ ಆಯಿ. ಅವರಲ್ಲಿಗೆ ಓಡಿದೆ. "ನನ್ನ ಪಾತೇಲಿ ಒಯ್ಯಿ, ನಾ ಸೋಸಿದ ನೀರ ಒಯ್ಯಿ. ಗೋಧಿ ಹುಗ್ಗಿ ಮಾಡಸು. ಹೊತ್ತ ಇರೂವಾಗನ ಉಣ್ತೇನಿ" ಎಂದರು ಆಯಿ.

ಅಬ್ಬಾ ಅಡ್ಡಬಾಯಿ ಹಾಕಿದರು: "ರೋಜಾ ಇದ್ದಾಕಿ ರುಚಿ ಹ್ಯಾಂಗ ನೋಡ್ತಾಳ? ಸಪ್ಪನ ಹುಗ್ಗಿ ಕೊಟ್ಟು ಮಾನಾ ಕಳೀಬ್ಯಾಡ್ರಿ."

ಮಾತು ನಿಜವೇ. ಮನೆಯಲ್ಲಿದ್ದ ಮೂವರಿಗೂ ಉಪವಾಸ. ಅಮ್ಮಿಯ ರಂಜಾನ್ ಅಡುಗೆ ಒಂದು ದಿನ ಉಪ್ಪುಪ್ಪು, ಒಂದು ದಿನ ಸಪ್ಪೆ. ನಾವು ಹೊಗಳುತ್ತಲೇ ನುಂಗುತ್ತಿದ್ದೆವು. ತಟ್ಟನೆ ಹೊಳೆಯಿತು. "ಆಯಿಗೆ ರೋಜಾ ಇಲ್ಲಲ್ಲ ಅಬ್ಬಾ, ರುಚಿ ಅವರ ನೋಡ್ಲಿ!"

ಅಮ್ಮಿ ಆಯಿಯ ಪಾತೇಲಿಯನ್ನು ಒಲೆಯ ಮೇಲಿಟ್ಟರು.

ಇಳಿಹೊತ್ತಿಗೆ ಆಯಿ ನಮ್ಮ ಹಿತ್ತಲ ಬಾಗಿಲಲ್ಲಿ ಬಟ್ಟಲು ಹಿಡಿದು ನಿಂತರು. ಒಂದು ತುತ್ತು ಬಾಯಿಗಿಟ್ಟು, "ಬೆಲ್ಲಕ್ಕ ಯಾಕ ಹೆದರಾಕತ್ತೀಯವ್ವಾ, ಇನ್ನೊಂದ ಹೆಂಟಿ ಹಾಕು" ಎಂದು ಅಮ್ಮಿಯನ್ನು ಗದರಿದರು. ಮತ್ತೆ ರುಚಿ ನೋಡಿ, ಬಟ್ಟಲು ತುಂಬಿಸಿಕೊಂಡು, ಬಿಸಿಲಿರುವಾಗಲೇ ಉಂಡರು. ಅಜಾನ್ ಆದ ಮೇಲೆ ನಾವು ಉಂಡೆವು. ಅಬ್ಬಾ ತಾವಾಗಿಯೇ ಎರಡನೇ ಸಲ ಹಾಕಿಸಿಕೊಂಡರು. ನನಗಾದ ಹಿಗ್ಗು ಅಷ್ಟಿಷ್ಟಲ್ಲ. ಆದರೆ ಗೋಕಾಕದ ಭಯ ಇನ್ನೂ ಹೋಗಿರಲಿಲ್ಲ.

ಮರುದಿನ ಪಾಠದ ನಡುವೆ ಅಬ್ಬಾ ಆಪಾನ ಮನೆಯ ಕಟ್ಟೆಯ ಹತ್ತಿರ ಬಂದು ನಿಂತಾಗ ನಾನು ಆಪಾನ ಬೆನ್ನ ಹಿಂದೆ ಸರಿದೆ. ಆಪಾ ಸೆರಗು ಸರಿಮಾಡಿಕೊಂಡರು. "ಮಗಳನ್ನ ಬಿಡಿಸಾಕ ಬಂದೀರೇನ್ರಿ ಭಾಯಿ?"

"ಅಲ್ರೀ..." ಅಬ್ಬಾ ಟೋಪಿ ತೆಗೆದು ತಲೆ ಕೆರೆದುಕೊಂಡರು. "ರಂಜಾನಕ್ಕ ಹುಗ್ಗಿ ಆತು. ಬಕ್ರೀದಕ್ಕ ಆಯಿಗೆ ಏನ ಕೊಡೂದ್ರಿ?"

ಆಪಾ ನನ್ನ ಕಡೆ ತಿರುಗಿ, "ಕಟ್ಟಿ ಮ್ಯಾಲ ನಿಮ್ಮ ಅಬ್ಬಾಗ ಒಂದ ಚಾಪಿ ಹಾಸವ್ವಾ" ಎಂದರು.