ಎಡಿನ್‌ಬರೋದ ಮೆಟ್ಟಿಲ ಮೇಲೆ ಅಕ್ಕ

ಅಕ್ಕ ಡಾಕ್ಟರ್ ಓದು ಮುಗಿಸಿ, ಇನ್ನೂ ಓದಬೇಕೆಂದು ಎಡಿನ್‌ಬರೋಗೆ ಹೋದದ್ದು ಅವ್ವನಿಗೆ ಒಂಚೂರೂ ಹಿಡಿಸಿರಲಿಲ್ಲ. ಚನ್ನರಾಯಪಟ್ಟಣದ ಸಂತೆಗೆ ಹೋದರೆ ಸಾಕು, ಗುರುತಿನವರೆಲ್ಲ “ಮಗಳ ಮದ್ವೆ ಯಾವಾಗ?” ಎನ್ನುತ್ತಿದ್ದರು. ಮನೆಗೆ ಬರುವಷ್ಟರಲ್ಲಿ ಅವ್ವನ ಮುಖ ಸುಟ್ಟ ಬದನೆಕಾಯಿ. ಕೊನೆಗೆ ಅಕ್ಕನೇ, ಬಂದು ನೋಡಿಕೊಂಡು ಹೋಗು ಎಂದು ಕರೆಸಿಕೊಂಡಳು. ಅಪ್ಪ ಗದ್ದೆ ಬಿಟ್ಟು ಬರುವ ಹಾಗಿರಲಿಲ್ಲ. ಹಾಸನದಲ್ಲಿ ಹೊಸದಾಗಿ ಮೇಷ್ಟ್ರಾಗಿದ್ದ ನಾನು ಬೇಸಿಗೆ ರಜದಲ್ಲಿ ಅವ್ವನೊಂದಿಗೆ ಬೊಂಬಾಯಿಯಲ್ಲಿ ಹಡಗು ಹತ್ತಿದೆ.

ಎಡಿನ್‌ಬರೋ ಹಳೇ ಊರು. ಹೊಗೆ ಕುಡಿದು ಕಪ್ಪಾದ ಕಲ್ಲಿನ ಮನೆಗಳು, ಮನೆಗಳ ಸಂದಿಯಲ್ಲಿ ಗುಡ್ಡಕ್ಕೆ ಹತ್ತುವ ಮೆಟ್ಟಿಲುಗಳು, ಗುಡ್ಡದ ನೆತ್ತಿಗೆ ಕೋಟೆ. ಅದನ್ನು ತೋರಿಸಲು ಅಕ್ಕ ನಮ್ಮನ್ನು ಕರೆದುಕೊಂಡು ಹೊರಟಿದ್ದಳು. ಸೀರೆಯ ಮೇಲೆ ಅಕ್ಕನ ಉಣ್ಣೆ ಕೋಟು ತೊಟ್ಟಿದ್ದ ಅವ್ವ, “ಇಷ್ಟು ಕಲ್ಲು ಎಲ್ಲಿಂದ ತಂದ್ರಲಾ!” ಎನ್ನುತ್ತ ಹತ್ತುತ್ತಿದ್ದಳು. ಅಕ್ಕನ ಜೊತೆ ಮಾತು ಮಾತ್ರ ಅಷ್ಟಕ್ಕಷ್ಟೇ.

ಅರ್ಧ ಹತ್ತಿರಬೇಕು, ನಮ್ಮ ಮುಂದೆ ಹೋಗುತ್ತಿದ್ದ ಮುದುಕರೊಬ್ಬರು ಗೋಡೆ ಹಿಡಿದವರು ಹಾಗೇ ಕುಸಿದರು. ಜೊತೆಯಲ್ಲಿದ್ದ ಅವರ ಹೆಂಡತಿ ಕಿರುಚಿಕೊಂಡರು. ಜನ ಸುತ್ತ ನಿಂತರೇ ಹೊರತು ಯಾರೂ ಮುಟ್ಟಲಿಲ್ಲ. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಮಂಡಿಯೂರಿದಳು. ಮುದುಕರ ಕೊರಳಪಟ್ಟಿ ಬಿಚ್ಚಿ, ಕತ್ತಿನಲ್ಲಿ ನಾಡಿ ನೋಡಿ, ಒಬ್ಬನಿಗೆ ಆಂಬುಲೆನ್ಸ್‌ಗೆ ಫೋನ್ ಮಾಡಲು ಹೇಳಿದಳು. ಆಮೇಲೆ ಅವರ ಮೂಗು ಹಿಡಿದು, ಬಾಯಿಗೆ ಬಾಯಿ ಇಟ್ಟು ಊದಿದಳು.

ಪರಗಂಡಸು, ನಡುಬೀದಿ, ಅವ್ವನ ಎದುರಿಗೆ! ಮೆಲ್ಲಗೆ ತಿರುಗಿ ನೋಡಿದೆ. ಅವ್ವ ಕೋಟು ಬಿಚ್ಚುತ್ತಿದ್ದಳು. ಅದನ್ನು ಮುದುಕರ ಕಾಲ ಮೇಲೆ ಹೊದಿಸಿ ಅಲ್ಲೇ ಕುಕ್ಕರಗಾಲಲ್ಲಿ ಕೂತಳು.

“ಊದವ್ವ, ಬಿಡಬ್ಯಾಡ. ಕೊಟ್ಟಿಗೇಲಿ ಕರ ಉಸ್ರಾಡ್ದೆ ಉಟ್ದಾಗ ನಿಮ್ಮಪ್ಪ ಇಂಗೇ ಅಲ್ವಾ ಊದೋದು? ಊದು!”

ಅಕ್ಕ ಊದಿದಳು, ಎದೆ ಒತ್ತಿದಳು, ಮತ್ತೆ ಊದಿದಳು. ಅವಳ ಹಣೆಯಿಂದ ಬೆವರು ತೊಟ್ಟಿಕ್ಕಿತು. ಮುದುಕರ ಗಂಟಲಲ್ಲಿ ಗೊರಕೆಯಂಥ ಸದ್ದಾಯಿತು. ಎದೆ ತಾನಾಗಿ ಎದ್ದು ಇಳಿಯಿತು.

“ಬಂತು ಕಣ್ಲಾ, ಉಸ್ರು ಬಂತು!” ಎಂದು ಅವ್ವ ನನ್ನ ತೋಳು ಹಿಂಡಿದಳು.

ಆಂಬುಲೆನ್ಸ್‌ನವರು ಅಕ್ಕ ಹೇಳಿದಂತೆ ಕೇಳಿ ಮುದುಕರನ್ನು ಎತ್ತಿಕೊಂಡರು. ಅವರ ಹೆಂಡತಿ ಹೋಗುವ ಮುನ್ನ ಅವ್ವನ ಕೈ ಹಿಡಿದು ಇಂಗ್ಲಿಷಿನಲ್ಲಿ ಏನೋ ಕೇಳಿದರು. ನಾನು ಅರ್ಥ ಹೇಳುವ ಮೊದಲೇ ಅವ್ವ ಎದೆ ತಟ್ಟಿಕೊಂಡು, “ನನ್ ಮಗ್ಳು ಕಣವ್ವ. ನಾನೇ ಎತ್ತೋಳು” ಎಂದಳು. ಆಯಮ್ಮನಿಗೆ ಅದು ತಿಳಿಯಿತು. ನೆರೆದವರಿಗೂ ತಿಳಿಯಿತು. ಟೋಪಿಯವನೊಬ್ಬ ಟೋಪಿ ತೆಗೆದ.

ಅವ್ವ ಸೆರಗಿನಿಂದ ಅಕ್ಕನ ಮುಖ ಒರೆಸಿದಳು. ಅಷ್ಟು ಹೊತ್ತು ಗಟ್ಟಿಯಾಗಿದ್ದ ಅಕ್ಕ ಆಗ ಅತ್ತುಬಿಟ್ಟಳು.

“ಯಾಕವ್ವ ಅಳ್ತೀಯ? ನಡಿ, ಕ್ವಾಟೆ ತೋರ್ಸು.”

ಕೋಟೆಯ ಮೇಲೆ ಗಾಳಿಯೋ ಗಾಳಿ. ಇಡೀ ಊರು, ಆಚೆಗೆ ಸಮುದ್ರ. ಅವ್ವ ಅಕ್ಕನ ಕೈ ಬಿಡಲೇ ಇಲ್ಲ. ಮುದುಕರು ಬದುಕಿಕೊಂಡರೆಂದು ಮಾರನೆಯ ದಿನ ಅಕ್ಕನಿಗೆ ಆಸ್ಪತ್ರೆಯಲ್ಲಿ ತಿಳಿಯಿತು.

ಊರಿಗೆ ಬಂದ ಮೇಲೆ ಸಂತೆಯಲ್ಲಿ ಯಾರೋ ಮತ್ತೆ ಮದುವೆಯ ಮಾತು ಎತ್ತಿದರು. ಅವ್ವ ಬುಟ್ಟಿ ಕೆಳಗಿಟ್ಟು, “ಆಗ್ಲಿ ಬುಡು ಅವ್ಳಿಗಿಷ್ಟ ಆದಾಗ. ಮೊದ್ಲು ಇದ್ ಕೇಳು” ಎಂದು ಮೆಟ್ಟಿಲಿಂದ ಶುರುಮಾಡಿದಳು. ಅವಳು ಹತ್ತಬೇಕಿದ್ದ ಹಿರೀಸಾವೆ ಬಸ್ಸು ಬಂದು ಹೊರಟೂ ಹೋಯಿತು.