ಅಕ್ಕನ ಎಣ್ಣೆ, ಕಬ್ಬಿಣದ ತುಕ್ಕು

ಖಂಡೇಪೂಜೆಯ (ಆಯುಧಪೂಜೆಯ) ದಿನ ಕಬ್ಬಿಣಕ್ಕೆ ಎಣ್ಣೆ ಹಚ್ಚುವುದು ತಪ್ಪೇ? ನಮ್ಮ ಕಡೆ ಹಚ್ಚದಿದ್ದರೆ ತಪ್ಪು. ಕುಡಗೋಲು, ಕೊಡಲಿ, ಕುರ್ಪಿ, ಎಲ್ಲಕ್ಕೂ ಎಣ್ಣೆ, ವಿಭೂತಿ, ಕುಂಕುಮ. ನಮ್ಮ ಅಕ್ಕ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಓಣಿಯ ನೀರಿನ ಯಂತ್ರಕ್ಕೂ ಎಣ್ಣೆ ಹಚ್ಚಿಬಿಟ್ಟಳು.

ಹೊರಗಲ್ಲ, ಒಳಗೆ!

ನಾನು ಸಿಂಧನೂರಿನವಳು. ಕಾಲುವೆ ನೀರಿನ ಮಂದಿ ನಾವು. ನೀರು ಬರಲಿಲ್ಲ ಎಂದು ಬೈದು ಗೊತ್ತೇ ಹೊರತು ಬಂದ ನೀರಿನ ಮೇಲೆ ಅನುಮಾನಪಟ್ಟು ಗೊತ್ತಿಲ್ಲ. ಅಕ್ಕನನ್ನು ಕೊಟ್ಟದ್ದು ಮಸ್ಕಿ ದಾಟಿ ಲಿಂಗಸುಗೂರಿನ ಕಡೆ ಹೋಗುವಾಗ ಒಳಗೆ ಸಿಗುವ ಒಂದು ಹಳ್ಳಿಗೆ. ಅಲ್ಲಿ ಎಲ್ಲದಕ್ಕೂ ಬೋರಿನ ನೀರೇ. ಆದರೆ ಎಂಥ ಸಿಹಿ ನೀರು ಅಂತೀರಿ! ನಮ್ಮ ಹೆಂಗಸರು ನೀರಿಗೆ ಇಡುವುದು ಒಂದೇ ಪರೀಕ್ಷೆ. ತೊಗರಿಬೇಳೆ ಮೆತ್ತಗೆ ಬೇಯಬೇಕು. ಆ ನೀರಿನಲ್ಲಿ ಬೇಳೆ ಬೆಣ್ಣೆಯಂತೆ ಬೇಯುತ್ತಿತ್ತು. ಪಾಸು!

ಅದೇ ನೀರಿನಲ್ಲಿ ಆರ್ಸೆನಿಕ್ ಇತ್ತು (ಅಜ್ಜಿಯರ ಬಾಯಲ್ಲಿ ಪಾಷಾಣ). ನೆಲದಡಿ ಚಿನ್ನವಿರುವ ಸೀಮೆಯಲ್ಲವೇ? ಆ ಕಲ್ಲಿನ ಜೊತೆ ಇದೂ ಇರುತ್ತದಂತೆ. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಅಕ್ಕನ ಅಂಗೈಯಲ್ಲಿ ಗಟ್ಟಿ ಗಟ್ಟಿ ಗಂಟುಗಳಿವೆ. "ದುಡಿದ ಕೈ ಬೇ ಇವು" ಎಂದು ಹೆಮ್ಮೆಯಿಂದ ತೋರಿಸುತ್ತಿದ್ದಳು. ದುಡಿಮೆಯಿಂದ ಬಂದ ಗಂಟಲ್ಲ, ನೀರಿನಿಂದ ಬಂದದ್ದು ಎಂದು ಡಾಕ್ಟರು ಹೇಳಿದ ಮೇಲೆ ಕೈ ತೋರಿಸುವುದನ್ನೇ ಬಿಟ್ಟಳು.

ಆಮೇಲೆ ಓಣಿಗೆ ನೀರಿನ ಪಾಷಾಣ ತೆಗೆಯುವ ಈ ಯಂತ್ರ ಬಂತು. ಯಂತ್ರ ಅಂದರೆ ಏನೋ ಭಾರಿ ಅಂದುಕೊಂಡಿದ್ದೆ. ನೋಡಿದರೆ ಒಂದು ನೀರಿನ ಟಾಕಿ, ಅದರೊಳಗೆ ಸಾಲಾಗಿ ಇಳಿಬಿಟ್ಟ ಕಬ್ಬಿಣದ ತಗಡುಗಳು, ಅವಕ್ಕೆ ಎರಡು ವೈರು. ಇಷ್ಟೇನಾ? ಇಷ್ಟೇ. ಕೀಲಿ ಇರುವುದು ಅಕ್ಕನ ಸೊಂಟದಲ್ಲಿ.

ಅಕ್ಕನ ಮಗಳು ಗಿರಿಜಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಳೆ. ಏಳು ತಿಂಗಳು. "ಆ ಊರಿಗ್ಯಾಕ, ಆ ನೀರು ಕುಡಿಯಾಕ?" ಎಂದು ಅವಳ ಅತ್ತೆ ಮೂಗು ಮುರಿದಿದ್ದರಂತೆ. "ಯಂತ್ರ ಐತಿ, ನನ್ನ ಕೈಯಾಗ ಐತಿ, ಕಳಸ್ರಿ" ಎಂದು ಅಕ್ಕ ಮಾತು ಕೊಟ್ಟು ಕರೆತಂದಿದ್ದಳು.

ಹಬ್ಬಕ್ಕೆಂದು ನಾನೂ ಹೋಗಿದ್ದೆ. ಬೆಳಿಗ್ಗೆ ನಾನು ಕಾಫಿ ಕುಡಿಯುವಷ್ಟರಲ್ಲಿ ಅಕ್ಕ ತಗಡುಗಳನ್ನು ಎತ್ತಿ, ತೆಂಗಿನ ನಾರಿನಿಂದ ತಿಕ್ಕಿ, ಕುಸುಬಿ ಎಣ್ಣೆ ಬಳಿದು, ವಿಭೂತಿ ಎಳೆದು, ಮತ್ತೆ ಇಳಿಬಿಟ್ಟು ಸ್ವಿಚ್ಚು ಹಾಕಿಯಾಗಿತ್ತು. ಸ್ವಲ್ಪ ಹೊತ್ತಿನ ಮೇಲೆ ನನ್ನನ್ನು ಕರೆದು ಟಾಕಿ ತೋರಿಸಿದಳು.

"ನೋಡವಾ, ದಿನಾ ನೀರು ರಾಡಿ ಹಂಗ ಕೆಂಪ ಆಗ್ತಿದ್ವು. ಇವತ್ತ ಕನ್ನಡಿ ಹಂಗ ಅದಾವ!"

ಹೌದು, ತಳ ಕಾಣುತ್ತಿತ್ತು. ನಾನೂ ಭೇಷ್ ಅಂದೆ. ಅಕ್ಕ ಅದರಲ್ಲೇ ಒಂದು ತಂಬಿಗೆ ತುಂಬಿ ಗಿರಿಜಾಳ ಕೈಗೆ ಕೊಟ್ಟಳು. ಕೊಟ್ಟವಳೇ ಶಬಾನಾಗೆ ಫೋನು ಹಚ್ಚಿದಳು. (ಶಬಾನಾ ಲಿಂಗಸುಗೂರಿನಿಂದ ಬಂದು ಯಂತ್ರ ನೋಡಿಕೊಳ್ಳುವ ಹುಡುಗಿ. ಹೋಳಿಗೆ ಊಟಕ್ಕೆ ಕರೆಯಬೇಕಿತ್ತು, ಜೊತೆಗೆ ಒಂದಿಷ್ಟು ಜಂಬ ಕೊಚ್ಚಬೇಕಿತ್ತು.) ಸ್ಪೀಕರ್ ಆನ್.

"ಎಣ್ಣಿ ಹಚ್ಚೀರ್ಯಾ? ಅಕ್ಕಾರ, ನೀರು ಕೆಂಪಾಗ್ಯಾವೋ ಇಲ್ಲೋ?"

"ಇಲ್ಲವ್ವ, ತಿಳಿ ಅಂದ್ರ ತಿಳಿ."

"ಯಾರೂ ಕುಡೀಬ್ಯಾಡ್ರಿ! ಕುಡೀಬ್ಯಾಡ್ರಿ, ನಾ ಬರಾಕತ್ತೀನಿ!"

ತಂಬಿಗೆ ಗಿರಿಜಾಳ ತುಟಿಯ ಹತ್ತಿರವಿತ್ತು. ಅಕ್ಕ ಫೋನು ಬಿಸಾಕಿ, ತಂಬಿಗೆ ಕಸಿದು, ನೀರನ್ನು ಚೆಲ್ಲಿದಳು. ನನಗಂತೂ ಜೀವ ಬಾಯಿಗೆ ಬಂದಿತ್ತು.

ಶಬಾನಾ ಸ್ಕೂಟಿಯಲ್ಲಿ ಬಂದಳು. ಬಯ್ಯಲಿಲ್ಲ, ನಕ್ಕಳು. "ತಿಕ್ಕಿದ್ದು ಚೊಲೋ ಮಾಡೀರಿ. ಎಣ್ಣಿ ಹಚ್ಚಿದ್ರ ಕರೆಂಟ್ ಹೆಂಗ ಹಾಯಬೇಕ್ರಿ? ಕಬ್ಬಿಣ ಹೆಂಗ ಕರಗಬೇಕ್ರಿ?" ಬಿಸಿನೀರು, ಸೀಗೆಪುಡಿ ತರಿಸಿದಳು. ಹಬ್ಬದ ದಿನ ತಗಡುಗಳಿಗೆ ಎಣ್ಣೆಸ್ನಾನ ಸಾಂಗವಾಗಿ ಮುಗಿಯಿತು.

ಮತ್ತೆ ಸ್ವಿಚ್ಚು ಹಾಕಿದಳು. ನಾನು ಟಾಕಿಯ ಮೇಲೆ ಬಗ್ಗಿ ನಿಂತೆ.

ಮೊದಲು ಏನೂ ಇಲ್ಲ. ಆಮೇಲೆ ತಗಡಿನ ಅಂಚಿನಿಂದ ಹೊಗೆಯಂಥದ್ದು ಎದ್ದಿತು. ನಸುಹಸಿರು, ಮತ್ತೆ ಕಂದು, ಮತ್ತೆ ಕಾವಿ. ನೋಡುನೋಡುತ್ತ ಟಾಕಿಯೆಲ್ಲ ಕೆಂಪು! ಕಬ್ಬಿಣ ನೀರಿನಲ್ಲಿ ಕರಗಿ ತುಕ್ಕಾಗುತ್ತದೆ, ಆ ತುಕ್ಕಿಗೆ ಪಾಷಾಣ ಹೋಗಿ ಅಂಟಿಕೊಳ್ಳುತ್ತದೆ, ಎರಡೂ ಸೇರಿ ತಳ ಸೇರುತ್ತವೆ. ಇಷ್ಟು ವಿದ್ಯೆ ಈ ಬಡ ಕಬ್ಬಿಣಕ್ಕಿದೆಯೇ? ನಾನು ಬಾಯಿ ತೆರೆದವಳು ಮುಚ್ಚಲೇ ಇಲ್ಲ. (ತಳದ ರಾಡಿಯನ್ನು ಹಳ್ಳಕ್ಕೆ ಚೆಲ್ಲುವ ಹಾಗಿಲ್ಲ. ಮುಚ್ಚಳದ ಡ್ರಮ್ಮಿನಲ್ಲಿ ತುಂಬಿಡುತ್ತಾರೆ, ಶಬಾನಾಳ ಕಡೆಯವರು ಒಯ್ಯುತ್ತಾರೆ.)

ಸ್ಫಟಿಕ (ಆಲಂ) ಹಾಕಿ, ರಾಡಿ ಇಳಿದು, ಮೇಲಿನ ನೀರು ಸೋಸಿ ಬರುವ ಹೊತ್ತಿಗೆ ನಮ್ಮ ಹೋಳಿಗೆ ಆರಿಹೋಗಿದ್ದವು. ಶಬಾನಾ ಎರಡು ಪುಟ್ಟ ಬಾಟಲಿಗಳಲ್ಲಿ ನೀರು ಹಿಡಿದಳು. ಒಂದರಲ್ಲಿ ಬೋರಿನ ನೀರು, ಇನ್ನೊಂದರಲ್ಲಿ ಯಂತ್ರದ್ದು. ಎರಡೂ ಒಂದೇ ತಿಳಿ. ಗುರುತು ಹಿಡಿಯಿರಿ ನೋಡೋಣ! ಎರಡಕ್ಕೂ ಪುಡಿ ಹಾಕಿ, ಮುಚ್ಚಳದಲ್ಲಿ ಪಾಷಾಣವಿದ್ದರೆ ಹಳದಿಯಾಗುವ ಪರೀಕ್ಷೆಯ ಕಾಗದ ಸಿಕ್ಕಿಸಿ ಸ್ವಲ್ಪ ಹೊತ್ತು ಬಿಟ್ಟಳು. ತೆಗೆದಾಗ ಬೋರಿನ ನೀರಿನ ಕಾಗದ ಅರಿಶಿನ ಹಚ್ಚಿದಂತೆ ಹಳದಿ. ಯಂತ್ರದ ನೀರಿನದು ಬೆಳ್ಳಗೆ, ಹಾಗೇ ಇತ್ತು.

ಒಂದು ಬೆರಳಗಲ ಕಾಗದದ ಮುಂದೆ ನಮ್ಮ ತೊಗರಿಬೇಳೆ, ನಮ್ಮ ಕಣ್ಣು, ನಾಲಗೆ ಎಲ್ಲವೂ ಫೇಲ್.

"ಈಗ ಕುಡೀರಿ" ಎಂದಳು ಶಬಾನಾ. ಗಿರಿಜಾ ತಂಬಿಗೆಯನ್ನು ಎತ್ತಿ ಗಟಗಟ ಕುಡಿದಳು. ಅವಳಿಗೆ ಪಾಪ, ಅಷ್ಟು ಹೊತ್ತಿನಿಂದ ಬಾಯಾರಿತ್ತು. "ನಿಮ್ಮ ಅತ್ತಿಯವ್ರಿಗೆ ಹೇಳು ಮತ್ತ" ಎಂದು ನಾನು ಚುಡಾಯಿಸಿದೆ. ಎಲ್ಲರೂ ನಕ್ಕರು.

ಅಕ್ಕ ನಗಲಿಲ್ಲ. ಟಾಕಿಯ ಅಂಚಿಗೆ ಅಂಟಿದ್ದ ಕೆಂಪನ್ನು ಬೆರಳಿನಿಂದ ಒರೆಸಿ, ತನ್ನ ಅಂಗೈಗೆ ಹಚ್ಚಿಕೊಂಡು ನೋಡಿದಳು. ಜೀವಮಾನವೆಲ್ಲ ಕುಡಗೋಲಿನ ಮೇಲಿಂದ ತಿಕ್ಕಿ ತಿಕ್ಕಿ ತೆಗೆದು ಬಚ್ಚಲಿಗೆ ಚೆಲ್ಲಿದ್ದ ತುಕ್ಕು ಅದು. ಆಮೇಲೆ ಮಗಳ ಹೊಟ್ಟೆಯನ್ನು ನೋಡುತ್ತ ಕೇಳಿದಳು:

"ಈಕಿ ನನ್ನ ಹೊಟ್ಟ್ಯಾಗ ಇದ್ದಾಗ ಈ ವಿದ್ಯಾ ಎಲ್ಲಿ ಹೋಗಿತ್ತವ್ವ? ಕಬ್ಬಿಣ ಆಗಲೂ ಮನ್ಯಾಗ ಇತ್ತಲ್ಲ?"